ಊರ ಹೊರಗೇ ಸೈಕಲ್ ಇಳಿಯುವ ಸಾಬ

ಇನ್ನೂ ಪೂರ್ತಿ ಬೆಳಕಾಗಿಲ್ಲ. ಜೇವರ್ಗಿ ದಾಟಿ ಕೊಳಕೂರಿನ ಕಡೆ ಹೊರಟ ಸೈಕಲ್ಲೊಂದು ತೊಗರಿ ಹೊಲಗಳ ನಡುವೆ ಕಿರುಗುಡುತ್ತ ಸಾಗಿದೆ. ಹಳ್ಳಿ ಕಣ್ಣಿಗೆ ಬೀಳುವ ಮೊದಲೇ ಜಹೀರುದ್ದೀನ ಇಳಿಯುತ್ತಾರೆ. ಸೈಕಲ್ಲನ್ನು ಜಾಲಿಗಿಡಕ್ಕೆ ಒರಗಿಸಿ, ಖಾಕಿ ಚೀಲದಿಂದ ಮಾತ್ರೆಯ ಪೊಟ್ಟಣವೊಂದನ್ನು ತೆಗೆದು ಒಳಜೇಬಿಗೆ ಸೇರಿಸಿ, ಬರಿಗೈಯಲ್ಲಿ ನಡೆಯತೊಡಗುತ್ತಾರೆ. ಹೊಲದ ಬದುವಿನ ಮೇಲೆ ಮುದುಕನೊಬ್ಬ ಕಾದು ಕುಳಿತಿದ್ದಾನೆ. ಆತ ಮಾತ್ರೆ ನುಂಗುವವರೆಗೂ ಎದುರು ಕೂತು, ಅಂಗಾಲುಗಳನ್ನು ತಿರುವಿ ನೋಡಿ, ಜಹೀರುದ್ದೀನ ಎದ್ದು ಬರುತ್ತಾರೆ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೊರಡುತ್ತಾರೆ.

"ನನ್ನ ಸೈಕಲ್ ಯಾರ ಬಾಗಿಲಾಗ ನಿಂತದ ಅಂತ ಮಂದಿ ನೋಡಿದ್ರ ಸಾಕ್ರಿ, ಮರುದಿನ ಆ ಮನಿ ನೀರು ಯಾರೂ ಮುಟ್ಟಾಂಗಿಲ್ಲ" ಎನ್ನುತ್ತಾರೆ ಅವರು.

ಜಹೀರುದ್ದೀನ ಸರಕಾರದ ಕುಷ್ಠರೋಗ ಕಾರ್ಯಕರ್ತ. ಎಪ್ಪತ್ತರ ದಶಕದಲ್ಲಿ ಆಳಂದದಲ್ಲಿ ಕೆಲಸಕ್ಕೆ ಸೇರಿದವರು, ಅಫಜಲಪುರ ತಾಲೂಕಿನ ಮಣ್ಣೂರ ಸುತ್ತ ಕೆಲವು ವರ್ಷ ತಿರುಗಿ, ಈಗ, ತೊಂಬತ್ತರ ದಶಕದಲ್ಲಿ, ಜೇವರ್ಗಿಯಲ್ಲಿದ್ದಾರೆ. ಒಂದೇ ಕೋಣೆಯ ಬಾಡಿಗೆ ಮನೆ. ಒಬ್ಬರೇ ಇರುತ್ತಾರೆ. ಹಿಂದೊಮ್ಮೆ ಆಳಂದದಲ್ಲಿ ಮದುವೆಯ ಮಾತು ನಡೆದಿತ್ತು. "ಹುಡುಗಿ ಕಡಿಯವ್ರು ನೌಕರಿ ಏನಂತ ಕೇಳಿದ್ರು, ಹೇಳಿದೆ. ಚಹಾ ಮುಗಿಸಿ ಎದ್ದು ಹೋದ್ರು. ಖರೇ ಹೇಳ್ಬೇಕಂದ್ರ, ಚಹಾನೂ ಮುಗಸಲಿಲ್ಲ ಬಿಡ್ರಿ." ಹೇಳಿ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. ಆಮೇಲೆ ಅವರು ಎಲ್ಲೂ ಹೆಣ್ಣು ನೋಡಲು ಹೋಗಲಿಲ್ಲ.

ಮೊದಲೆಲ್ಲ ಇದ್ದದ್ದು ವರ್ಷಗಟ್ಟಲೆ, ಕೆಲವರಿಗೆ ಬದುಕಿಡೀ, ನುಂಗಬೇಕಾದ ಬಿಳಿ ಮಾತ್ರೆ. ಎಂಬತ್ತರ ದಶಕದ ಕೊನೆಗೆ ಹೊಸ ಚಿಕಿತ್ಸೆ ಬಂತು: ಹಲವು ಔಷಧ ಒಟ್ಟಿಗೆ, ಎರಡು ವರ್ಷದಲ್ಲಿ ರೋಗ ವಾಸಿ. ದೂರದ ಸಂಶೋಧನಾ ಕೇಂದ್ರಗಳಲ್ಲಿ ಪರೀಕ್ಷೆಯಾಗಿ ಗೆದ್ದ ಔಷಧ. ಆದರೆ ಅದರಲ್ಲೊಂದು ಕೆಂಪು ಗುಳಿಗೆ ಮೈಬಣ್ಣವನ್ನು ಕಪ್ಪಾಗಿಸುತ್ತಿತ್ತು. ನಿಲ್ಲಿಸಿದ ಮೇಲೆ ಬಣ್ಣ ಮರಳುತ್ತದೆ, ಆದರೆ ನಿಧಾನ. ತರಬೇತಿ ಕೊಡಲು ಬಂದ ವೈದ್ಯರು ಅದನ್ನು ಜನರಿಗೆ ಹೇಳುವುದು ಬೇಡ ಎಂದರು. ಹೇಳಿದರೆ ಅರ್ಧ ಜನ ಬರುವುದಿಲ್ಲ, ಅವರ ಕೈಕಾಲು ಉಳಿಯುವುದಿಲ್ಲ ಎಂಬುದು ಅವರ ಭಯ. ಕೆಟ್ಟ ಮನುಷ್ಯರೇನಲ್ಲ.

"ಮೈ ಅವ್ರದು ಸಾಹೇಬ್ರ. ಅದಕ್ಕೇನಾಗ್ತದ ಅಂತ ಅವ್ರಿಗೆ ಮೊದಲ ಗೊತ್ತಿರಬೇಕಲ್ರಿ" ಎಂದರಂತೆ ಜಹೀರುದ್ದೀನ. ವೈದ್ಯರು, "ನಿಮಗೆ ಸರಿ ಕಂಡಂತೆ ಮಾಡಿ. ಆದರೆ ಯಾರೂ ತಪ್ಪಿಹೋಗಬಾರದು" ಎಂದರು.

ಒಬ್ಬಳು ತಪ್ಪಿಹೋದಳು. ಅವಳನ್ನು ನಿಂಬೆವ್ವ ಎನ್ನೋಣ. ಅವಳ, ಅವಳ ಮನೆಯವರ ನಿಜವಾದ ಹೆಸರುಗಳು ಬೇರೆ, ಊರನ್ನೂ ಇಲ್ಲಿ ಹೇಳುತ್ತಿಲ್ಲ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮದುವೆಯಾಗಿ ವರ್ಷವಾಗಿರಲಿಲ್ಲ. ಬೆನ್ನ ಮೇಲೆ, ಮುಂಗೈ ಮೇಲೆ ಸ್ಪರ್ಶವಿಲ್ಲದ ಮಚ್ಚೆಗಳು. ಕಸ ತೆಗೆಯಲು ಹೊಲಕ್ಕೆ ಬಂದವಳಿಗೆ ಜಹೀರುದ್ದೀನ ಎಲ್ಲವನ್ನೂ ಹೇಳಿದರು: ವಾಸಿಯಾಗುತ್ತದೆ, ಆದರೆ ಮುಖ ಕಪ್ಪಾಗುತ್ತದೆ. ಗಂಡನಿಗೆ ತಿಳಿಸುವುದು, ಬಿಡುವುದು ಅವಳಿಗೇ ಸೇರಿದ್ದು.

"ಕರ್ರಗಾದ್ರ ಅತ್ತಿ ಮನ್ಯಾಗ ಗೊತ್ತಾಗ್ತದ. ಒಲ್ಲೆ ಸಾಬ್ರ, ನೀವು ಹೋಗ್ರಿ" ಎಂದಳು ನಿಂಬೆವ್ವ.

ಅವರು ಹೋದರು. ಮುಂದಿನ ತಿಂಗಳು ಮತ್ತೆ ಬಂದರು. ಅದೇ ಮಾತು, ಅದೇ ಉತ್ತರ. ಮಳೆಗಾಲ ಕಳೆದು ಜೋಳ ಮೊಳಕಾಲೆತ್ತರ ಬೆಳೆಯುವವರೆಗೂ ಹೀಗೇ ನಡೆಯಿತು. ಒಂದು ಬೆಳಿಗ್ಗೆ, ಅವರು ಸೈಕಲ್ ಇಳಿಯುವ ಜಾಗದಲ್ಲಿ ಅವಳೇ ನಿಂತಿದ್ದಳು, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು. ರೊಟ್ಟಿ ಬೇಯಿಸುವಾಗ ಕಿರುಬೆರಳು, ಉಂಗುರಬೆರಳು ಹಂಚಿಗೆ ತಾಗಿ ಸುಟ್ಟಿದ್ದವು. ಸುಟ್ಟ ವಾಸನೆ ಬರುವವರೆಗೂ ಅವಳಿಗೆ ಗೊತ್ತಾಗಿರಲಿಲ್ಲ.

"ಗುಳಗಿ ಕೊಡ್ರಿ" ಎಂದಳು.

ರೋಗ ಅಲ್ಲಿಗೆ ನಿಂತಿತು. ಆ ಎರಡು ಬೆರಳು ಮಾತ್ರ ಮಡಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ. "ಮುಚ್ಚಿಟ್ಟು ಕೊಟ್ಟಿದ್ರ ಬೆರಳು ಉಳೀತಿದ್ವೇನೋ" ಎನ್ನುತ್ತಾರೆ ಜಹೀರುದ್ದೀನ. "ಆದ್ರ ಮೈ ಕರ್ರಗಾದ ದಿನ ಆಕಿ ನನ್ನ ಮಾತು ನಂಬತಿದ್ಲಾ? ಗೊತ್ತಿಲ್ರಿ. ಯಾರನ್ನ ಕೇಳ್ಲಿ? ಮನ್ಯಾಗ ಮಂದಿ ಇದ್ರ ರಾತ್ರಿ ಅವ್ರ ಮುಂದರ ಹೇಳಬಹುದಿತ್ತು."

ಹೇಳಿದಂತೆಯೇ ಕೆಲವು ತಿಂಗಳಲ್ಲಿ ನಿಂಬೆವ್ವನ ಮುಖ ಕಪ್ಪಾಯಿತು. ಅದು ಸಾಬನ ಗುಳಿಗೆಯ ಬಣ್ಣವೆಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಗಂಡ ಸೈದಪ್ಪನ ಅಣ್ಣ ಚಂದ್ರಾಮ ವಕೀಲರೊಬ್ಬರನ್ನು ಕರೆದುಕೊಂಡು ಜೇವರ್ಗಿಯ ಕೋಣೆಗೆ ಬಂದ. ವಾಸಿಯಾಗದ ಉಗ್ರ ಕುಷ್ಠವಿದ್ದರೆ ಕಾನೂನು ವಿಚ್ಛೇದನ ಕೊಡುತ್ತದೆ. ಬೇಕಾದದ್ದು ಒಂದು ಚೀಟಿ.

"ಆಕಿಗಿ ಅದ ಅಂತ ಬರದು ಕೊಡ್ರಿ ಸಾಬ್ರ. ನಿಮ್ಮ ಹೆಸರು ಎಲ್ಲೂ ಬರಾಂಗಿಲ್ಲ" ಎಂದ ಚಂದ್ರಾಮ.

"ಯಾರಿಗಿ ಅದ, ಯಾರಿಗಿಲ್ಲ ಅಂತ ನಾ ಯಾರ ಮುಂದೂ ಹೇಳಾಂಗಿಲ್ಲಪ್ಪ. ನಾಳಿ ನಿನ್ನ ಬಗ್ಗೆ ಯಾರರ ಬಂದು ಕೇಳಿದ್ರೂ ಹಿಂಗ ಅಂತೇನಿ."

ಚಂದ್ರಾಮ ಕೂಗಾಡಿದ. ಓಣಿಯ ಜನ ಸೇರಿದರು. ಮನೆಯ ಮಾಲೀಕ ಬಾಗಿಲಲ್ಲಿ ನಿಂತು ನೋಡಿದ. ಯಾರೂ ಒಳಗೆ ಬರಲಿಲ್ಲ. ಕೊನೆಗೆ ವಕೀಲರು ತರಬೇತಿ ಕೊಟ್ಟಿದ್ದ ಅದೇ ವೈದ್ಯರ ಬಳಿ ಹೋದರು. ಯಾವ ರೋಗಿಯ ವಿಷಯವನ್ನೂ ಮಾತಾಡುವುದಿಲ್ಲ ಎಂದ ಅವರು, ಒಂದು ಮಾತನ್ನಷ್ಟೇ ಹೇಳಿದರು: "ಈಗ ಈ ಕಾಯಿಲೆ ವಾಸಿಯಾಗುತ್ತದೆ. ಕೋರ್ಟು ಕರೆದರೆ ಬಂದು ಅದನ್ನೇ ಹೇಳುತ್ತೇನೆ." ವಕೀಲರು ಆ ಕೇಸನ್ನು ಮತ್ತೆ ಮುಟ್ಟಲಿಲ್ಲ.

ಒಂದು ವಾರದ ಮೇಲೆ ಸೈದಪ್ಪ ತಾನೇ ಹೊಲದ ಹಾದಿಯಲ್ಲಿ ಎದುರಾದ. ಹೊಡೆಯಲು ಬಂದನೆಂದೇ ಜಹೀರುದ್ದೀನ ಅಂದುಕೊಂಡರು. ಆತ ತಲೆ ತಗ್ಗಿಸಿ, "ಅಣ್ಣನ ಮನಿ ಬಿಟ್ಟು ಬ್ಯಾರಿ ಆಗೇವ್ರಿ. ಆಕಿಗಿ ಬರಾಕ ಆಗದಿದ್ರ ಗುಳಗಿ ನಾ ಒಯ್ತೇನಿ" ಎಂದ.

ಔಷಧ ಮುಗಿದು ಈಗ ಎರಡು ವರ್ಷ. ನಿಂಬೆವ್ವನ ಬಣ್ಣ ಮರಳುತ್ತಿದೆ, ಒಂದು ಹೆಣ್ಣು ಕೂಸೂ ಇದೆ. ಯಡ್ರಾಮಿ ಸಂತೆಯಲ್ಲಿ ಜಹೀರುದ್ದೀನ ಎದುರು ಬಂದರೆ ಆಕೆ ಸೆರಗು ಮುಂದೆಳೆದುಕೊಂಡು ದಾಟಿಹೋಗುತ್ತಾಳೆ. ಗುಣವಾದವರೆಲ್ಲ ಹಾಗೆಯೇ. ಪರಿಚಯ ತೋರಿಸಿದರೆ ಜನ ಯಾಕೆಂದು ಕೇಳುತ್ತಾರೆ.

ಈ ಲೇಖನಕ್ಕೆ ಒಂದು ಫೋಟೊ ಬೇಕೆಂದೆ. ಅವರು ಒಪ್ಪಲಿಲ್ಲ. "ಮಾರಿ ಪೇಪರಿನ್ಯಾಗ ಬಂದ್ರ ನಾ ಮಾತಾಡಿಸಿದವ್ರ ಮ್ಯಾಲೆಲ್ಲ ಸಂಶೆ ಬರ್ತದ್ರಿ. ಹೆಸರು ಬೇಕಾದ್ರ ಹಾಕ್ರಿ. ಹಳ್ಳ್ಯಾಗ ಅದು ಯಾರಿಗೂ ಗೊತ್ತಿಲ್ಲ, ಬರೇ ಸಾಬ ಅಂತಾರ."

ಮುಂದಿನ ವರ್ಷ ನಿವೃತ್ತಿ. ಆಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ಚೀಲದ ಬಕಲ್ ಹಾಕಿದರು.

"ಒಂದಿನ ಸಂತ್ಯಾಗ ಸುಮ್ನ ನಿಂದ್ರಬೇಕಂತ ಮಾಡೇನಿ. ಆವಾಗ ನಾ ದವಾಖಾನಿಯವ ಅಲ್ಲಲ್ರಿ. ಯಾರರ ಒಬ್ರು ನನ್ನ ಹೆಸರು ಕೇಳ್ಕೊಂಡು ಬಂದು 'ಜಹೀರುದ್ದೀನಣ್ಣ, ಆರಾಮಿದ್ದೀರೇನ್ರಿ' ಅಂದ್ರ ಸಾಕು."