ಮೂರನೆಯ ಹಾಡಿನ ಕೊನೆಯ ಕೂಗು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸ್ಪೀಕರಿನ ಗುಂಯ್‌ಗುಡುವ ಸದ್ದು ನಿಂತಿತು. ನಮ್ಮ ಕಾಲೇಜಿನ ಸಭಾಂಗಣದ ಗಡಿಯಾರ ನನ್ನ ಎದುರಿಗೇ ಇತ್ತು. ಟೇಪ್‌ರೆಕಾರ್ಡರಿನ ಸ್ಪೂಲು ಆಗಲೇ ತಿರುಗುತ್ತಿತ್ತು. ನನ್ನ ತಮ್ಮನ ಗೆಳೆಯ ಆಂಪ್ಲಿಫೈಯರಿನ ಹಿಂದೆ ಬಗ್ಗಿದ, ಹಸಿರು ತಂತಿಯೊಂದನ್ನು ಎಳೆದ, ಎದ್ದು ಕೈ ಒರೆಸಿಕೊಂಡ. ಆ ಎಳೆತವನ್ನು ನಾನು ಇಂದಿಗೂ ನೋಡುತ್ತಲೇ ಇದ್ದೇನೆ.

ಎಪ್ಪತ್ತರ ದಶಕದ ಆರಂಭದ ಮಾತು. ನಾನು ಔರಂಗಾಬಾದಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಬೀದರ ಕಡೆಯವರಾದ ನಮ್ಮ ಮನೆಯವರು ನಾಸಿಕದ ಹತ್ತಿರ, ಓಝರಿನ ವಿಮಾನ ಕಾರ್ಖಾನೆಯ ಕಾಲನಿಯಲ್ಲಿದ್ದರು. ತಮ್ಮ ಅಲ್ಲಿ ಟೆಕ್ನಿಶಿಯನ್. ಅವನ ಗೆಳೆಯ ಅದೇ ಶೆಡ್ಡಿನಲ್ಲಿ ಉಳಿದವರ ಕೆಲಸ ಪರೀಕ್ಷಿಸುವ ಇನ್‌ಸ್ಪೆಕ್ಟರ್, ವಾರಕ್ಕೆ ನಾಲ್ಕು ಊಟ ನಮ್ಮ ಮನೆಯಲ್ಲೇ.

ಅವರಿಗೆ ಹುಚ್ಚು ಹಿಡಿಸಿದ್ದು ಗೆಳೆಯನ ಮಾವ ವಿದೇಶದಿಂದ ತಂದ ಒಂದು ಹಾರ್ಡ್ ರಾಕ್ ಎಲ್‌ಪಿ. ಆ ಬ್ಯಾಂಡಿನ ಮೊದಲ ಎರಡು ರೆಕಾರ್ಡುಗಳನ್ನು ಯಾರೂ ಕೊಂಡಿರಲಿಲ್ಲವಂತೆ.

"ಮೂರನೇದ್ದಕ್ಕ ಜಗತ್ತ ಎದ್ದು ನಿಂತೈತ್ರಿ ಅಕ್ಕಾರ. ಒಂದ ರೆಕಾರ್ಡ್ ಸಾಕು!" ಎಂದು ಗೆಳೆಯ ನನಗೆ ಹೇಳುತ್ತಿದ್ದ.

"ಜಗತ್ತಲ್ಲೋ, ಬಾಜೂಮನಿಯವ್ರು ಎದ್ದು ನಿಂತಾರ. ಸಪ್ಪಳ ಕಮ್ಮಿ ಮಾಡ್ರಿ," ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು.

ಡ್ರಮ್ ಬಾರಿಸುವವನೊಬ್ಬನನ್ನು ಸೇರಿಸಿಕೊಂಡು ಅವರೂ ಒಂದು ಬ್ಯಾಂಡು ಕಟ್ಟಿದರು, ಹಾಡುವುದು ತಮ್ಮ. ಸೂಜಿಯನ್ನು ಮತ್ತೆ ಮತ್ತೆ ಹಿಂದಕ್ಕೆ ಇಟ್ಟು ಇಡೀ ರೆಕಾರ್ಡನ್ನು ಕಿವಿಯಿಂದಲೇ ಕಲಿತರು. ಎರಡನೆಯ ಬದಿಯ ಮೂರನೆಯ ಹಾಡು ಒಂದು ಕೂಗಿನಲ್ಲಿ ಮುಗಿಯುತ್ತಿತ್ತು, ಎದೆ ಸೀಳಿಕೊಂಡು ಬಂದಂಥ ಕೂಗು. ತಮ್ಮನಿಗೆ ಅದೊಂದು ಬರಲಿಲ್ಲ. ಪಿಂಪಳಗಾಂವದ ದಾರಿಯ ದ್ರಾಕ್ಷಿ ತೋಟಗಳ ನಡುವೆ ಸೈಕಲ್ ನಿಲ್ಲಿಸಿ ಅಭ್ಯಾಸ ಮಾಡುತ್ತಿದ್ದ. ಒಮ್ಮೆ ತೋಟದವನೊಬ್ಬ ಓಡಿ ಬಂದು, "ಕುಣಿ ಮಾರಲಂ ಕಾ ರೇ?" ಎಂದು ಕೇಳಿದನಂತೆ, ಯಾರು ಹೊಡೆದರೋ ಎಂದು. ಅಷ್ಟಾದರೂ ಗೆಳೆಯನಿಗೆ ಸಮಾಧಾನವಿಲ್ಲ. ಮುಂಬಯಿಯ ರೆಕಾರ್ಡ್ ಕಂಪನಿಗೆ ಕಳಿಸುವ ಟೇಪಿನಲ್ಲಿ ಆ ಕೂಗು ಇರಲೇಬೇಕು.

ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಯಾರು ಏನನ್ನೇ ಬಿಚ್ಚಿದರೂ ಅಲ್ಲಿ ಕೆಂಪು ಬಟ್ಟೆಯ ಪಟ್ಟಿ ಕಟ್ಟಬೇಕು. ಮತ್ತೆ ಜೋಡಿಸಿ, ಇನ್ನೊಬ್ಬರು ನೋಡುವ ತನಕ ಅದನ್ನು ತೆಗೆಯುವಂತಿಲ್ಲ. ನಮ್ಮ ಬಚ್ಚಲಿನ ನಲ್ಲಿಯ ವಾಷರ್ ಬಿಚ್ಚಿದಾಗಲೂ ಗೆಳೆಯ ಪಟ್ಟಿ ಕಟ್ಟಿದ್ದ. ಅಮ್ಮ ಅದನ್ನು ಹೇಳಿಕೊಂಡು ತಿಂಗಳುಗಟ್ಟಲೆ ನಕ್ಕಿದ್ದಳು.

ಆ ಸಂಜೆ ಅವನು ಯಾವ ಪಟ್ಟಿಯನ್ನೂ ಕಟ್ಟಲಿಲ್ಲ.

ನಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಅವರನ್ನು ಕರೆಸಿದ್ದರು. ಆಂಪ್ಲಿಫೈಯರ್ ತಮ್ಮನೇ ಕೈಯಾರೆ ಕಟ್ಟಿದ್ದು. ಶಾಕ್ ಹೊಡೆಯದಂತೆ ಕಾಯುವ ಹಸಿರು ಅರ್ಥಿಂಗ್ ತಂತಿಯನ್ನೂ ಅವನೇ ಬೆಸೆದಿದ್ದ, ಆದರೆ ಅದಿದ್ದರೆ ಸ್ಪೀಕರು ಗುಂಯ್‌ಗುಡುತ್ತಿತ್ತು. ಆ ಮೂರನೆಯ ಹಾಡಿನ ಕೊನೆಯಲ್ಲಿ ಗಿಟಾರಿನ ತಂತಿಗಳ ಮೇಲೆ ಎಡಗೈ ಇದ್ದಾಗಲೇ ಅವನ ತುಟಿ ಮೈಕಿಗೆ ತಾಗಿತು. ಕರೆಂಟು ಹೊಡೆದು ಕೈ ಬಿಗಿದುಕೊಂಡಿತು. ಅವನು ಕೂಗಿದ. ಹುಡುಗರು ಸಿಳ್ಳೆ ಹೊಡೆದರು. ಡ್ರಮ್ಮಿನವನಿಗೆ ಮಾತ್ರ ತಿಳಿಯಿತು. ಅವನು ಹಾರಿ ಬಂದು ರಬ್ಬರಿನ ಬೂಟಿನಿಂದ ಮೈಕನ್ನು ಒದ್ದ. ತಮ್ಮ ಬಿದ್ದ. ನಾನು ವೇದಿಕೆ ಏರುವಷ್ಟರಲ್ಲಿ ಅವನ ಅಂಗೈ ಬೆಳ್ಳಗಾಗಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಎಂದರು ಡಾಕ್ಟರು.

ಓಝರಿಗೆ ಮರಳುವಾಗ ವೈಜಾಪುರದಲ್ಲಿ ಚಹಾಕ್ಕೆ ನಿಂತೆವು. ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದ.

"ಸೋಲ್ಡರಿಂಗ್ ಕಚ್ಚಾ ಇತ್ರಿ, ಅರ್ಥಿಂಗ್ ವಾಯರ್ ತಾನ ಬಿಚ್ಚೇತಿ."

"ನೀ ಕಿತ್ತಿದ್ದು ನಾ ನೋಡೀನಿ."

"ನೀವು ದೂರ ಇದ್ರಿ ಅಕ್ಕಾರ. ದೂರದಿಂದ ಏನೇನೋ ಕಾಣ್ತದ."

ತಮ್ಮ ಅವನನ್ನೇ ನಂಬಿದ. "ಅವ ಹಂಗ ಮಾಡಂಗಿಲ್ಲಕ್ಕಾ. ನಲ್ಲಿಗೂ ಪಟ್ಟಿ ಕಟ್ಟಾಂವ ಅವ." ಹಾಗಾದರೆ ತಪ್ಪು ತನ್ನ ಕೈಯದೇ ಎಂದು ಲೆಕ್ಕ ಹಾಕಿಕೊಂಡ. ಗಾಯ ಮಾಗಿತು. ಆದರೆ ಸೋಲ್ಡರಿಂಗ್ ಕಡ್ಡಿ ಎತ್ತಿಕೊಂಡರೂ ಬಿಸಿಯಾಗುವ ಮೊದಲೇ ಕೆಳಗಿಡುತ್ತಿದ್ದ. ಕೆಲಸ ಬಿಟ್ಟು ಬೀದರಿಗೆ ಹೋಗಿ ಅಂಗಡಿ ಇಡುತ್ತೇನೆ ಎನ್ನತೊಡಗಿದ. ರಾತ್ರಿ ಅವನು ಹೊರಳಾಡುತ್ತಿದ್ದ. ರಜೆಗೆ ಬಂದ ನನ್ನದು ಬೇರೆಯೇ ಕಾಯಿಲೆ. ಕರೆಂಟು ಹೋಗಿ ಫ್ಯಾನಿನ ಸದ್ದು ನಿಂತರೆ ಸಾಕು, ಎದ್ದು ಕೂತುಬಿಡುತ್ತಿದ್ದೆ. ನನಗೆ ಅಪಾಯವೆಂದರೆ ಸದ್ದು ನಿಲ್ಲುವುದು.

ಒಂದು ಭಾನುವಾರ ಮಧ್ಯಾಹ್ನ ಗೆಳೆಯ ತನ್ನ ಕ್ವಾರ್ಟರ್ಸಿಗೆ ಶೆಡ್ಡಿನವರನ್ನೆಲ್ಲ ಟೇಪು ಕೇಳಲು ಕರೆದ. ತಮ್ಮನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಉತ್ಸಾಹದಲ್ಲಿ ಸ್ಪೂಲನ್ನು ತೀರ ಮೊದಲಿನಿಂದಲೇ ಬಿಟ್ಟ.

ಮೊದಲು ಬಂದದ್ದು ಗುಂಯ್ ಸದ್ದು. ಆಮೇಲೆ ಟಕ್ ಎಂದಿತು. ಸದ್ದು ಕತ್ತರಿಸಿದಂತೆ ನಿಂತಿತು. ಮೌನದಲ್ಲಿ ಗೆಳೆಯನದೇ ದನಿ: "ಹಾಂ, ಈಗ ಸಾಫ್ ಆತು."

ತಮ್ಮ ನನ್ನ ಕಡೆ ತಿರುಗಿದ. ತಂತಿ ಕಿತ್ತ ಕೈ ಯಾರದೆಂದು ಅವನಿಗೆ ತಿಳಿಯಿತು. ಹಾಡುಗಳು ಒಂದರ ಹಿಂದೆ ಒಂದು ಸಾಗಿ ಮೂರನೆಯದು ಬಂತು, ಅದರ ಕೊನೆಗೆ ಆ ಕೂಗು. ಆ ದಿನ ಅಲ್ಲಿರದಿದ್ದ ಹಿರಿಯರೊಬ್ಬರು ಚಪ್ಪಾಳೆ ತಟ್ಟಿ, "ಏನ ದನಿ ಅದರೀ! ಥೇಟ್ ರೆಕಾರ್ಡ್ ಇದ್ದಂಗ!" ಎಂದರು.

"ಮುಂಬಯಿಗೂ ಇದರ ಕಾಪಿ ಕಳಿಸೀನಿ," ಎಂದ ಗೆಳೆಯ, ತಮ್ಮನನ್ನು ನೋಡದೆ. "ಕೊನಿಗೂ ಬಂತಲ್ಲೋ ನಿಂಗ."

"ಅದು ಹಾಡಿದ್ದಲ್ಲ."

"ಕೇಳೋರಿಗೇನ ಗೊತ್ತಾಗ್ತದೋ? ಒಂದು ವಾಯರ್ ಅಷ್ಟ. ವಿಮಾನದ ನಟ್ ಬಿಚ್ಚಿಟ್ಟಂಗ ಮಾಡಬ್ಯಾಡ."

"ವಿಮಾನದಾಗ ಬಿಚ್ಚಿಟ್ಟಿದ್ರ ನಿನ್ನ ನೌಕರಿ ಹೋಗ್ತಿತ್ತು. ಇಲ್ಲಿ ನಾ ಹೋಗ್ತಿದ್ದೆ, ಅಷ್ಟ."

ತಮ್ಮ ಎದ್ದ. ಪ್ಯಾಂಟಿನ ಜೇಬಿನಲ್ಲಿ ಸದಾ ಇರುತ್ತಿದ್ದ ಕೆಂಪು ಪಟ್ಟಿಯೊಂದನ್ನು ತೆಗೆದು, ಟೇಪ್‌ರೆಕಾರ್ಡರಿನ ಹಿಡಿಕೆಗೆ ನಿಧಾನವಾಗಿ ಗಂಟು ಹಾಕಿದ. ಕೂತವರೆಲ್ಲ ಕಾರ್ಖಾನೆಯವರು. ಬಿಚ್ಚಿದ್ದು ಇನ್ನೂ ಸರಿಯಾಗಿಲ್ಲ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಚಪ್ಪಾಳೆ ತಟ್ಟಿದ ಹಿರಿಯರು ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದರು.

ಗೆಳೆಯ ಕ್ಷಮೆ ಕೇಳಲಿಲ್ಲ, ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮುಂಬಯಿಯಲ್ಲಿ ಎಲ್ಲೋ ಒಂದು ಕಪಾಟಿನಲ್ಲಿ ನನ್ನ ತಮ್ಮ ಸಾಯುತ್ತಿದ್ದ ದನಿ ಹಾಡಿನ ಹೆಸರಿನಲ್ಲಿ ಬಿದ್ದಿರಬಹುದು.

ಮನೆಗೆ ಬಂದು ತಮ್ಮ ಅಮ್ಮನ ಕೆಟ್ಟ ರೇಡಿಯೊ ಬಿಚ್ಚಿ ಕೂತ. ಬೆಸುಗೆಯ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಊಟದ ಹೊತ್ತಿನವರೆಗೂ ಕೆಲಸ ಮಾಡಿದ. ಬೀದರಿನ ಅಂಗಡಿಯ ಮಾತು ಮತ್ತೆ ಬರಲಿಲ್ಲ.

ಮರುದಿನ ನನ್ನನ್ನು ಎಬ್ಬಿಸಿದ್ದು ಅಮ್ಮ. ಬಿಸಿಲು ಆಗಲೇ ಅಂಗಳಕ್ಕೆ ಬಂದಿತ್ತು.

"ಏನ ನಿದ್ದೀನ ನಿಮ್ಮದು? ರಾತ್ರಿ ಕರೆಂಟ್ ಹೋಗಿ ನಾ ಬೀಸಣಿಗಿ ಹಿಡಕೊಂಡು ಕುಂತಿದ್ದೆ. ಅಕ್ಕ ಏಳಲಿಲ್ಲ, ತಮ್ಮ ಏಳಲಿಲ್ಲ."