ಬೆಂಕಿ ತಾಲೀಮಿಗೆ ಬಂದ ಸರೋಜಾ ಮೇಡಂ

ಮಹನೀಯರೇ, ಇಂದು ನಮ್ಮ ಯಶವಂತಪುರದ ಆಫೀಸಿನಲ್ಲಿ ಬೆಂಕಿ ತಾಲೀಮು, ಅಂದರೆ ಫೈರ್ ಡ್ರಿಲ್, ನಡೆಯಿತು. ಪ್ರತಿ ಸಲವೂ ಆ ದಿನ ಗಾಲಿಕುರ್ಚಿಯ ಸರೋಜಾ ಮೇಡಂಗೆ ರಜೆ ಕೊಟ್ಟು ಕೈತೊಳೆದುಕೊಳ್ಳುವುದು ಸೇಫ್ಟಿ ಸಾಹೇಬರ ಪದ್ಧತಿ. ಈ ಸಲ ಮೇಡಂ ಬಂದೇಬಿಟ್ಟರು.

"ರಜೆ ಕೊಟ್ಟಿದ್ವಲ್ಲ ಮೇಡಂ?" ಎಂದರು ಸಾಹೇಬರು.

"ನಿಜವಾದ ಬೆಂಕಿ ಬೀಳೋ ದಿನಾನೂ ಮುಂಚೇನೇ ಹೇಳಿ ಸಾರ್, ಅವತ್ತೂ ಬರಲ್ಲ."

ಗಂಟೆ ಬಾರಿಸಿದ ಕೂಡಲೇ ಲಿಫ್ಟ್ ಬಂದ್; ನಾವು ನಾಲ್ವರು ಅವರನ್ನು ಕುರ್ಚಿ ಸಮೇತ ಮಹಡಿಯಿಂದ ಮೆಟ್ಟಿಲಲ್ಲಿ ಹೊತ್ತು ಇಳಿಸಿದೆವು.

"ಅಲ್ಲಾಡಿಸ್ಬೇಡ್ರೋ, ತಲೇಲಿ ಮಲ್ಲಿಗೆ ಇದೆ," ಎಂದು ಮೇಡಂ ನಗುತ್ತಲೇ ಇದ್ದರು.

ನಮ್ಮ ಏದುಸಿರು ಕಂಡ ಮ್ಯಾನೇಜರ್, "ಹೊಗೇಲಿ ಇದಾಗಲ್ಲ ಕಣ್ರೀ," ಎಂದು ಅಲ್ಲೇ ತೀರ್ಪು ಕೊಟ್ಟರು. ನಾಳೆಯಿಂದ ಮೇಡಂ ಕೆಳಗೆ, ಸಾಹೇಬರ ಕೋಣೆಯಲ್ಲಿ. ಸಾಹೇಬರು ಮೇಲೆ.

"ನಂಗೆ ಮಂಡಿನೋವು," ಎಂದರು ಸಾಹೇಬರು.

ಹೊತ್ತು ಇಳಿಸಲು ನಾವಿದ್ದೇವೆ ಎಂದು ಕೈಮುಗಿದು ಭರವಸೆ ಕೊಟ್ಟಿದ್ದೇನೆ.