ಫುಟ್‌ಪಾತ್ ಕಾವಲಿಗೆ ನಿಂಬೆಹಣ್ಣು

ಕೇಳಿ ಸ್ನೇಹಿತರೇ, ಅವಲಪಲ್ಲಿ ರಸ್ತೆಯ ಫುಟ್‌ಪಾತ್ ಮೇಲೆ ಇವತ್ತು ಒಂದೂ ಬೈಕ್ ಹತ್ತಲಿಲ್ಲ! ಬೈಕ್ ತಡೆಯಲು ಕಂಬ ನೆಡಿ ಎಂದು ಪಾಲಿಕೆಯವರನ್ನು ಕೇಳಿ ಕೇಳಿ ಸಾಕಾಗಿ, ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಅಲ್ಲಿ ಅರಿಶಿನ ಕುಂಕುಮ ಮೆತ್ತಿದ ನಿಂಬೆಹಣ್ಣು ಸಾಲಾಗಿ ಇಟ್ಟೆವು. ಶಾಲೆಯ ಮಕ್ಕಳ ಬೆನ್ನಿಗೇ ದಿನಾ ಹಾರ್ನ್ ಹೊಡೆದುಕೊಂಡು ನುಗ್ಗುವ ಬೈಕಿನವನೊಬ್ಬ ಗಕ್ಕನೆ ನಿಂತ.

“ಯಾರಕ್ಕಾ ಇದನ್ನ ಮಡಗಿರೋರು?”

“ನಾವೇ ಕಣಪ್ಪಾ. ದಾಟ್ಕೊಂಡು ಹೋಗು, ನೋಡಾನ,” ಎಂದರು ಪಕ್ಕದ ಮನೆಯ ಮುನಿಯಮ್ಮ.

“ಅಯ್ಯೋ ಬ್ಯಾಡಕ್ಕಾ, ವಂಡಿ ಹೊಸ್ದು!” ಎಂದವನೇ ರಸ್ತೆಯಲ್ಲೇ ಹೋದ.

ಮಕ್ಕಳಿಗೆ ಬಿಡದ ದಾರಿಯನ್ನು ನಿಂಬೆಹಣ್ಣಿಗೆ ಬಿಡುತ್ತಾರೆ. ಆಗಲಿ, ಕಂಬ ನೆಡುವ ತನಕ ದಿನಾ ಇಡುತ್ತೇವೆ. ಈ ವರ್ಷ ನಮ್ಮ ಬೀದಿಯಲ್ಲಿ ಯಾರೂ ಉಪ್ಪಿನಕಾಯಿ ಹಾಕುವುದಿಲ್ಲ, ಅಷ್ಟೇ.